ಚಕ್ಕಡಿ ದಾರಿಯ ಎಡ ಜಾಡು

ಗಿರಿಯಪ್ಪ ತೀರಿಕೊಂಡ ಮೇಲೆ ಅವನ ಮನೆಯ ಮುಂದಿನ ಕಟ್ಟೆಗೆ ಬಂದು ಕೂತವರೆಲ್ಲ "ನಮ್ಮ ಗಿರಿಯಪ್ಪ" ಎಂದೇ ಮಾತು ತೆಗೆಯುತ್ತಿದ್ದರು. ಹಿಟ್ಟು ಬೀಸಿಸಿಕೊಂಡು ಹೋಗುತ್ತಿದ್ದ ಹೆಂಗಸರು, ಪಕ್ಕದ ಕಟ್ಟಿಗೆ ಅಡ್ಡೆಯವರು, ಅಮ್ಮಿನಬಾವಿಯಿಂದ ಬಂದ ಅವನ ಅಣ್ಣಂದಿರು, ಎಲ್ಲರದೂ ಅದೇ ಮಾತು. ಅಣ್ಣಂದಿರಿಗೆ ಆ ಹಕ್ಕಿದೆ, ಒಪ್ಪುತ್ತೇನೆ. ಉಳಿದವರ ಬಾಯಿಂದ ಅದು ನನಗೆ ಸೇರುತ್ತಿರಲಿಲ್ಲ. ಹತ್ತು ವರ್ಷ, ಮಳೆ ಇಲ್ಲದ ರವಿವಾರಗಳನ್ನೆಲ್ಲ ಅವನ ಜೊತೆ ಸೈಕಲ್ ಹೊಡೆದು ಕಳೆದವನು ನಾನು. ನನ್ನ ಗಿರಿಯಪ್ಪ ಎಂದು ನಾನೂ ಹೇಳಬಹುದಾಗಿತ್ತು. ಹೇಳಲಿಲ್ಲ. ಅದೇ ಕಟ್ಟೆಯ ಇನ್ನೊಂದು ತುದಿಗೆ ಹುಬ್ಬಳ್ಳಿಯ ರಮಾಕಾಂತ ಕೂತಿದ್ದ. ಅವನೂ ಆ ಮಾತು ಆಡಲಿಲ್ಲ. ಅವನು ಮೊದಲು ಎದ್ದು ಹೋಗಲಿ ಎಂದು ನಾನು, ನಾನು ಮೊದಲು ಎದ್ದು ಹೋಗಲಿ ಎಂದು ಅವನು, ಇಬ್ಬರೂ ಹೊತ್ತು ಮುಳುಗುವವರೆಗೆ ಅಲ್ಲೇ ಕೂತಿದ್ದೆವು.

ಗಿರಿಯಪ್ಪನನ್ನು ನೋಡದವರಿಗೆ ಅವನು ಯಾರೆಂದು ಹೇಳಬೇಕು. ಧಾರವಾಡದಲ್ಲಿ, ಸಪ್ತಾಪುರದ ಬಾವಿಯಿಂದ ಸ್ವಲ್ಪ ಮುಂದೆ ಅವನದೊಂದು ಹಿಟ್ಟಿನ ಗಿರಣಿ. ಈಗಲೂ ಇದೆ, ಹೆಂಡತಿ ರತ್ನವ್ವ ನಡೆಸುತ್ತಾಳೆ. ಅಮ್ಮಿನಬಾವಿಯ ಒಕ್ಕಲುತನದ ಮನೆಯ ಕೊನೆಯ ಮಗ ಅವನು. ಹೊಲಕ್ಕೆ ಅಣ್ಣಂದಿರು ಸಾಕೆಂದು ಚಿಕ್ಕಂದಿನಲ್ಲೇ ಹುಬ್ಬಳ್ಳಿಯ ಗಿರಣಿಯೊಂದರಲ್ಲಿ ಕೆಲಸಕ್ಕೆ ಬಿಟ್ಟಿದ್ದರು. ಅಲ್ಲಿ ಕಲಿತು ಇಲ್ಲಿ ಸ್ವಂತದ್ದು ಹಾಕಿದ. ಅವನ ಬಲಗಿವಿ ಹೋದದ್ದೂ ಅಲ್ಲಿಯೇ. ಯಂತ್ರದ ಪಟ್ಟಾ ತಿರುಗುವ ಸದ್ದಿಗೆ ಒಂದೇ ಮಗ್ಗುಲಾಗಿ ವರ್ಷಗಟ್ಟಲೆ ನಿಂತರೆ ಹಾಗಾಗುತ್ತದಂತೆ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲದರ ಮೇಲೂ ಹಿಟ್ಟು ಕೂತು, ಮೂವತ್ತರ ವಯಸ್ಸಿಗೇ ದೂರದಿಂದ ಮುದುಕನಂತೆ ಕಾಣುತ್ತಿದ್ದ. ರವಿವಾರ ಬೆಳಿಗ್ಗೆ ಮಾತ್ರ ಅವನ ಹುಬ್ಬು ಕಪ್ಪಗಿರುತ್ತಿತ್ತು. ಸಂಜೆ ತಿರುಗಿ ಬರುವಾಗ ದಾರಿಯ ಧೂಳು ಕೂತು ಕೆಂಪಗಾಗಿರುತ್ತಿತ್ತು.

ನಾನು ರಾಣೇಬೆನ್ನೂರ ಕಡೆಯವನು. ಐವತ್ತೇಳನೆಯ ಇಸವಿಯಲ್ಲಿ ಧಾರವಾಡಕ್ಕೆ ಬಂದು, ಮಾಸ್ತರರಾಗುವವರಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಸಪ್ತಾಪುರದಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಜೋಳದ ಡಬ್ಬಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಮೊದಲ ಸಲ ಗಿರಣಿಗೆ ಹೋದಾಗ, ಗಿರಿಯಪ್ಪ ಡಬ್ಬಿ ಇಳಿಸಿಕೊಳ್ಳುವುದನ್ನು ಬಿಟ್ಟು ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದ.

"ಮಾಸ್ತರ, ಈ ಗಾಡಿ ಬರೇ ಸಾಲಿಗೆ ಹೋಗಿ ಬರತೈತೇನ್ರಿ?"

"ಹೌದ್ರಿ. ಯಾಕ?"

"ಪಾಪ ಐತಿ."

"ಯಾರು?"

"ಗಾಡೀರಿ. ಗ್ವಾದಲ್ಯಾಗ ಕಟ್ಟಿ ಹಾಕಿದ ಎತ್ತಿನಂಗ ನಿಂತೈತಿ. ರವಿವಾರ ಬರ್ರಿ, ಹಗ್ಗಾ ಬಿಚ್ಚೂಣು."

ಹಗ್ಗ ಬಿಚ್ಚಿದ ಮೊದಲ ರವಿವಾರ ಅವನ ಊರಾದ ಅಮ್ಮಿನಬಾವಿಗೇ ಹೋದೆವು. ಎರಡೂ ಕಡೆ ಎರೆಹೊಲ, ನಡುವೆ ಗರಸು ಹಾಕಿದ ರಸ್ತೆ. ಹರಳು ಗಾಲಿಗೆ ಸಿಕ್ಕು ಪಕ್ಕಕ್ಕೆ ಸಿಡಿಯುತ್ತಿದ್ದವು. ನಾನು ಹ್ಯಾಂಡಲ್ ಗಟ್ಟಿಯಾಗಿ ಹಿಡಿದಷ್ಟೂ ಸೈಕಲ್ಲು ಅತ್ತಿತ್ತ ಒಲೆಯುತ್ತಿತ್ತು. "ಸಡ್ಲ ಬಿಡ್ರಿ ಮಾಸ್ತರ, ಅದಕ್ಕ ದಾರಿ ಗೊತ್ತೈತಿ," ಎಂದ. ಮನೆಯಲ್ಲಿ ಅವನ ಅವ್ವ ಶಿವಲಿಂಗವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಮಗ ಕರೆತಂದ ಗೆಳೆಯ ಮಾಸ್ತರನೆಂದು ತಿಳಿದು, ನನ್ನ ತಾಟಿಗೆ ಮಾತ್ರ ಬೆಣ್ಣೆ ಹಾಕಿದಳು. ಗಿರಿಯಪ್ಪ ನೋಡಿ ನಕ್ಕ. ಅವತ್ತು ಹೊಟ್ಟೆಕಿಚ್ಚು ಅವನ ಪಾಲಿಗೆ ಬಂದಿತ್ತು. ಮುಂದೆ ಅದನ್ನೆಲ್ಲ ನನಗೇ ಬಿಟ್ಟ.

ಆಮೇಲೆ ನಾವು ಹೋಗದ ದಿಕ್ಕಿಲ್ಲ. ಕೆಲಗೇರಿ ಕೆರೆಯ ಏರಿ, ಮುಗದದ ಕಡೆಯ ಕಾಡು, ದೇವಿಕೊಪ್ಪದ ಸಾಗವಾನಿ ಮರಗಳ ನಡುವಿನ ದಾರಿ, ತಂಬೂರಿನ ಹಳೆಯ ಗುಡಿ. ಗುಡಿ ಇರುವ ಹಳ್ಳಿಗೆ ಹೋದರೆ ನಾನು ಕಲ್ಲಿನ ಮೇಲಿನ ಅಕ್ಷರ ನೋಡುತ್ತಿದ್ದೆ. ಅವನು ಮೊದಲು ಬಾವಿಗೆ ಹೋಗಿ ನೀರು ಕುಡಿದು, ಆ ಊರಿನಿಂದ ಮುಂದೆ ಎಲ್ಲಿಗೆ ದಾರಿ ಇದೆಯೆಂದು ಕೇಳಿಕೊಂಡು ಬರುತ್ತಿದ್ದ. ಒಂದು ಸಲ ಒಂದು ಶಾಸನದ ಮುಂದೆ ನನ್ನ ಎಡಕ್ಕೆ ಕೂರದೆ ಬಲಕ್ಕೆ ಬಂದು ಕೂತ. ಹಾಗೆ ಕೂತನೆಂದರೆ ಅವನ ಒಳ್ಳೆಯ ಕಿವಿ ನನ್ನ ಕಡೆಗೆ, ಅಂದರೆ ಕೇಳುವ ಮನಸ್ಸಿದೆ ಎಂದರ್ಥ.

"ಏನ ಬರದಾರ್ರಿ?"

"ಯಾರಿಗೋ ಹೊಲ ಕೊಟ್ಟಿದ್ದು. ಅದರ ಮೇರೆ ಹೇಳ್ಯಾರ. ಮೂಡಲಕ್ಕೆ ಹೆಬ್ಬಟ್ಟೆ ಅಂತ ಐತಿ."

"ಬಟ್ಟಿ ಅಂದ್ರ ಅರಿವಿ ಅಲ್ಲೇನ್ರಿ?"

"ಆಗ ಬಟ್ಟೆ ಅಂದ್ರ ದಾರಿ. ಹೆಬ್ಬಟ್ಟೆ ಅಂದ್ರ ದೊಡ್ಡ ದಾರಿ."

ಅವನಿಗೆ ಇದು ಎಷ್ಟು ಹಿಡಿಸಿತೆಂದರೆ ತಿರುಗಿ ಬರುವಾಗ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ. ಮರುದಿನ ಹಿಟ್ಟು ತರಲು ಹೋದರೆ, ನಾಲ್ಕು ಮಂದಿ ಹೆಂಗಸರ ನಡುವಿನಿಂದ ತಲೆಯೆತ್ತಿ, "ಮಾಸ್ತರ, ಈ ರವಿವಾರ ಹೊಸಾ ಬಟ್ಟಿ ನೋಡೂಣೇನ್ರಿ?" ಎಂದ. ಹೆಂಗಸರು ಯಾವುದೋ ಅಂಗಡಿಯಲ್ಲಿ ಸೀರೆ ಬಂದಿರಬೇಕೆಂದುಕೊಂಡು ನನ್ನ ಮುಖ ನೋಡಿದರು. ಆ ಮಾತು ನಮ್ಮಿಬ್ಬರದೇ ಆಗಿ ಉಳಿಯಿತು. ಊರೆಲ್ಲ ಅದನ್ನು ಅರಿವೆ ಎಂದು ತಿಳಿಯಲಿ, ನಮಗಿಬ್ಬರಿಗೆ ಅದು ದಾರಿ. ಕಲಿತ ವಿದ್ಯೆಯಿಂದ ನಾನು ಯಾರಿಗಾದರೂ ಕೊಟ್ಟ ವಸ್ತುವಿನಲ್ಲಿ ಅದರಷ್ಟು ಬಳಕೆಯಾದದ್ದು ಬೇರೊಂದಿಲ್ಲ.

ಈಗ ಚಕ್ಕಡಿ ದಾರಿಯ ವಿಷಯ. ಗರಸಿನ ರಸ್ತೆ ಮುಗಿದು ಕಾಡು ಹೊಕ್ಕ ಮೇಲೆ ಇರುವುದು ಚಕ್ಕಡಿಗಳು ಓಡಾಡಿ ಮಾಡಿದ ದಾರಿ. ಚಕ್ಕಡಿಗೆ ಎರಡು ಗಾಲಿ, ಹಾಗಾಗಿ ಎರಡು ಜಾಡು. ಗಾಲಿ ಅರೆದು ಅರೆದು ಜಾಡಿನ ಮಣ್ಣು ನುಣ್ಣಗಾಗಿರುತ್ತದೆ, ಸೈಕಲ್ಲು ಎಣ್ಣೆ ಹಚ್ಚಿದಂತೆ ಹೋಗುತ್ತದೆ. ನಡುವಿನ ದಿಬ್ಬದ ಮೇಲೆ ಹುಲ್ಲು, ಕಲ್ಲು, ನೆಗ್ಗಿಲ ಮುಳ್ಳು. ಆದ್ದರಿಂದ ಆ ದಾರಿಯಲ್ಲಿ ಇಬ್ಬರು ಅಕ್ಕಪಕ್ಕದಲ್ಲಿ ಮಾತಾಡುತ್ತ ಹೋಗಬಹುದು. ಮೂರನೆಯವನಿಗೆ ಜಾಗವಿಲ್ಲ. ಅವನು ಹಿಂದೆ ಬರಬೇಕು, ಮುಂದಿನವರ ಧೂಳು ತಿನ್ನಬೇಕು. ಗಿರಿಯಪ್ಪ ಯಾವಾಗಲೂ ಬಲ ಜಾಡು ಹಿಡಿಯುತ್ತಿದ್ದ. ಎಡ ಜಾಡಿನಲ್ಲಿ ಬರುವವನ ಮಾತು ಅವನ ಎಡಗಿವಿಗೆ ಬೀಳಬೇಕಲ್ಲ. ಐದು ವರ್ಷ ಎಡ ಜಾಡು ನನ್ನದಾಗಿತ್ತು.

ಹುಬ್ಬಳ್ಳಿ ಧಾರವಾಡ ಕೂಡಿಸಿ ಒಂದೇ ಕಾರ್ಪೊರೇಶನ್ ಮಾಡಿದ ವರ್ಷ ರಮಾಕಾಂತ ಬಂದ. ದೇವಿಕೊಪ್ಪದ ಹತ್ತಿರ, ರಸ್ತೆಯ ಬದಿಗೆ ಸೈಕಲ್ ತಲೆಕೆಳಗು ಮಾಡಿಕೊಂಡು, ಕೈಯೆಲ್ಲ ಗ್ರೀಸ್ ಮೆತ್ತಿಕೊಂಡು ಕೂತಿದ್ದ. ಹಸಿರು ಬಣ್ಣದ ಇಂಗ್ಲಂಡದ ಸೈಕಲ್ಲು. ಇಸ್ತ್ರಿ ಪ್ಯಾಂಟು. ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಕಾರಕೂನ, ಇನ್ನೂ ಮದುವೆಯಾಗಿರದ ಹುಡುಗ. ಗಿರಿಯಪ್ಪ ಇಳಿದು, ಕಡಿದ ಚೈನನ್ನು ಕಲ್ಲಿನ ಮೇಲಿಟ್ಟು ಕುಟ್ಟಿ ಜೋಡಿಸಿಕೊಟ್ಟ.

"ಯಾವೂರ್ರಿ?" ಎಂದು ಕೇಳಿದ.

"ಹುಬ್ಬಳ್ಳಿ. ಇನ್ನ ಮ್ಯಾಲೆ ಎರಡೂ ಊರು ಒಂದ ಆಗ್ಯಾವಲ್ಲ, ನಾನೂ ನಿಮ್ಮೂರಾವನ ಅಂತ ತಿಳಕೋರಿ."

ನಾನು ಸುಮ್ಮನಿರದೆ, "ಕಾಗದದ ಮ್ಯಾಲೆ ಒಂದಾಗ್ಯಾವ," ಎಂದೆ. ಗಿರಿಯಪ್ಪನಿಗೆ ಅದು ಕೇಳಿಸಲಿಲ್ಲ, ನಾನು ಅವನ ಬಲಕ್ಕಿದ್ದೆ. ಅವನು ರಮಾಕಾಂತನ ಮಾತಿಗೇ ನಗುತ್ತಿದ್ದ.

ಮುಂದಿನ ರವಿವಾರ ನಾನು ಗಿರಣಿಯ ಮುಂದೆ ಹೋಗುವಷ್ಟರಲ್ಲಿ ಹಸಿರು ಸೈಕಲ್ಲು ಅಲ್ಲಿ ನಿಂತಿತ್ತು. ಹುಬ್ಬಳ್ಳಿಯಿಂದ ಅಷ್ಟು ಹೊತ್ತಿಗೆ ಬರಬೇಕಾದರೆ ಕತ್ತಲಿದ್ದಾಗಲೇ ಬಿಟ್ಟಿರಬೇಕು. ಮುಗದದ ಕಾಡಿನ ದಾರಿ ಶುರುವಾದ ಕೂಡಲೆ, ಯಾರನ್ನೂ ಕೇಳದೆ ಎಡ ಜಾಡಿಗೆ ಇಳಿದ. ತಿಳಿಯದೆ ಇಳಿದಿದ್ದಾನೆ, ಗಿರಿಯಪ್ಪ ಹೇಳುತ್ತಾನೆ ಎಂದು ನಾನು ಕಾದೆ. ಗಿರಿಯಪ್ಪ ಏನೂ ಹೇಳಲಿಲ್ಲ. ಆ ಹುಡುಗ ಕ್ರಿಕೆಟ್ ಸ್ಕೋರು, ಬ್ಯಾಂಕಿನ ಮ್ಯಾನೇಜರನ ಟೊಪ್ಪಿಗೆ, ಹೊಸ ಸಿನೆಮಾ ಎಂದು ಬಾಯಿ ಮುಚ್ಚದೆ ಮಾತಾಡಿದ. ಹಿಂದೆ ಬರುತ್ತಿದ್ದ ನನಗೆ ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು, ಗಿರಿಯಪ್ಪನ ನಗು ಮಾತ್ರ ಪೂರ್ತಿ ಕೇಳಿಸುತ್ತಿತ್ತು. ನನ್ನ ಮಾತಿಗೆ ಅವನು ಹಾಗೆ ಗಟ್ಟಿಯಾಗಿ ನಕ್ಕದ್ದು ಯಾವಾಗ ಎಂದು ಲೆಕ್ಕ ಹಾಕುತ್ತ ಸೈಕಲ್ ತುಳಿದೆ. ಮುಗದದ ಕೆರೆಯ ಹತ್ತಿರ ನಿಂತಾಗ ನನ್ನ ಹಲ್ಲಿನಲ್ಲೆಲ್ಲ ಮಣ್ಣಿತ್ತು.

ತಿಂಗಳು ತುಂಬುವುದರೊಳಗೆ ಅವನು ರಮಾಕಾಂತನಿಗೆ 'ರಿ' ಬಿಟ್ಟ. "ಲೇ ರಮ್ಯಾ, ಪಂಪ್ ತಂದೀಯೇನ?" ಎಂದು ಒಂದು ದಿನ ಎಷ್ಟು ಸಲೀಸಾಗಿ ಅಂದನೆಂದರೆ, ಯಾರೂ ತಿರುಗಿ ನೋಡಲಿಲ್ಲ, ನನ್ನ ಹೊರತು. ನಮ್ಮ ಕಡೆ ನಾಯಿಯನ್ನು ಓಡಿಸುವಾಗಲೂ 'ರಿ' ಹಚ್ಚುವವರಿದ್ದಾರೆ, ಅದು ಬೇರೆ. ಆದರೆ ಒಬ್ಬನಿಗೆ 'ಲೇ' ಎಂದು, ಅದೇ ಉಸಿರಿನಲ್ಲಿ ಇನ್ನೊಬ್ಬನಿಗೆ "ಮಾಸ್ತರ, ಬುತ್ತಿ ಬಿಚ್ಚೂಣೇನ್ರಿ?" ಎಂದರೆ ಆ ಇನ್ನೊಬ್ಬ ಏನು ತಿಳಿಯಬೇಕು? ನಾನು ಅವನಿಗೆ ಎರಡನೆಯ ವರ್ಷದಿಂದಲೇ ನೀ ಎನ್ನುತ್ತಿದ್ದೆ. ಅವನಿಂದ ಅದು ತಿರುಗಿ ಬರುತ್ತದೆ ಎಂದು ಕಾದಿದ್ದೆ.

ಒಂದು ಸೋಮವಾರ ಗಿರಣಿಯಲ್ಲಿ ಗಿರಿಯಪ್ಪ ಬೀಸುವ ಕಲ್ಲಿಗೆ ಉಳಿಯಿಂದ ಹೊಸ ಹಲ್ಲು ಮಾಡುತ್ತ ಒಳಗೆ ಕೂತಿದ್ದಾಗ, ರತ್ನವ್ವನ ಮುಂದೆ ಈ ವಿಷಯ ತೆಗೆದೆ. ನಗೆಯಾಡಿದಂತೆ ಮಾಡಿಯೇ ತೆಗೆದೆ.

"ನಿಮ್ಮ ಮನಿಯವರಿಗೆ ಹುಬ್ಬಳ್ಳಿ ಹುಡುಗ ಭಾಳ ಹಿಡಿಸ್ಯಾನ, ಅಲ್ಲೇನ್ರಿ?"

ಅವಳು ಹಿಟ್ಟಿನ ಡಬ್ಬಿ ಕುಟ್ಟಿ ಕುಟ್ಟಿ ತುಂಬುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: "ಮಾಸ್ತರ, ವಾರದಾಗ ಆರು ದಿನಾ ಈ ಗಿರಣಿ ಅವರನ್ನ ಇಟ್ಕೊಂತೈತಿ. ಏಳನೇದ್ದು ನೀವು ಒಯ್ತೀರಿ. ಈಗ ಅದರಾಗ ಇನ್ನೊಬ್ಬರು ಪಾಲಿಗೆ ಬಂದಾರಂತ ನೀವು ನನ್ನ ಮುಂದ ಬಂದು ಹೇಳಾಕತ್ತೀರಿ. ನಾ ಯಾರ ಮುಂದ ಹೇಳ್ಲಿ?"

ಅವಳು ಡಬ್ಬಿ ನನ್ನ ಕೈಗಿತ್ತು, "ಚಪಾತಿ ಛಲೋ ಮಾಡಿ ಒಯ್ರಿ. ಅವರಿಗೆ ತಿನ್ನೂದು ಭಾಳ ಸೇರತೈತಿ," ಎಂದಳು.

ಆ ಮಾತನ್ನು ನಾನು ನಿಜವೆಂದೇ ಹಿಡಿದೆ. ನನ್ನ ಹೆಂಡತಿಗೆ ಹೇಳಿ ಎಣ್ಣೆಹೋಳಿಗೆ ಮಾಡಿಸಿಕೊಂಡು ಹೋದೆ. ಅದರ ಮುಂದಿನ ವಾರ ರಮಾಕಾಂತ ತನ್ನ ತಾಯಿ ಮಾಡಿದ ಬೇಸನ್ ಉಂಡಿ ತಂದ. ನಾನು ಶೇಂಗಾ ಹೋಳಿಗೆ ತಂದೆ. ಅವನು ಚಿರೋಟಿ ತಂದ. ಗಿರಿಯಪ್ಪ ಗಿಡದ ನೆರಳಿಗೆ ಎರಡೂ ಡಬ್ಬಿ ಮುಂದಿಟ್ಟುಕೊಂಡು, ಒಂದು ಅದರದು ಒಂದು ಇದರದು ತಿನ್ನುತ್ತ, "ಹಿಂಗಾದರ ನಂದು ಏರಿ ಹತ್ತೂದಿಲ್ಲ ನೋಡ್ರಿ ಸೈಕಲ್ಲು," ಎನ್ನುತ್ತಿದ್ದ. ಯಾವುದು ರುಚಿಯಾಗಿದೆ ಎಂದು ಒಮ್ಮೆಯೂ ಹೇಳಲಿಲ್ಲ.

ಇದೆಲ್ಲ ಸಹಿಸಿದೆ. ಸಹಿಸಲಾಗದ್ದು ಒಂದು ನಡೆಯಿತು. ಒಂದು ದಿನ ಗಿರಣಿಯ ಮುಂದೆ ನಾನು ಸೈಕಲ್ಲಿಗೆ ಗಾಳಿ ಹಾಕುತ್ತಿದ್ದಾಗ ರಮಾಕಾಂತ ನನಗೆ, "ಮಾಸ್ತರ, ಇವತ್ತು ಯಾವ ಬಟ್ಟಿ?" ಎಂದ. ಪಂಪು ನನ್ನ ಕೈಯಲ್ಲೇ ನಿಂತಿತು. ಗಿರಿಯಪ್ಪ ಅವನಿಗೆ ಅದನ್ನೂ ಕೊಟ್ಟಿದ್ದ. ಕೊಡುವಾಗ ನಾನು ಹೇಳಿಕೊಟ್ಟ ಮಾತೆಂದು ಹೇಳಿದ್ದನೋ ಇಲ್ಲವೋ, ಕೇಳಲು ನನಗೆ ಮನಸ್ಸಾಗಲಿಲ್ಲ. ಅಂದಿನಿಂದ ನಾನು ಆ ಮಾತು ಆಡುವುದನ್ನು ಬಿಟ್ಟೆ. ಗಿರಿಯಪ್ಪನಿಗೆ ಅದು ಗೊತ್ತಾಯಿತೆಂದು ಕಾಣುತ್ತದೆ. ನಾನು ಬಿಟ್ಟಷ್ಟೂ ಅವನು ನನ್ನ ಮುಖ ನೋಡಿ ನೋಡಿ ಆಡುತ್ತಿದ್ದ.

ಅಳ್ನಾವರದ ಕಡೆ ಹುಲಿಕೇರಿಯ ಕೆರೆಗೆ ಹೋದ ದಿನ ನಮ್ಮಿಬ್ಬರ ಮರ್ಯಾದೆ ಪೂರ್ತಿ ಹೋಯಿತು. ಕೆರೆಯಿಂದ ಗದ್ದೆಗೆ ಹೋಗುವ ಕಾಲುವೆಯ ದಂಡೆಯ ಮೇಲೆ ಒಬ್ಬನೇ ಹೋಗುವಷ್ಟು ದಾರಿ. ಒಂದು ಕಡೆ ಭತ್ತದ ಗದ್ದೆ, ಒಂದು ಕಡೆ ನೀರು. ಗಿರಿಯಪ್ಪ ಮುಂದೆ ಹೊರಟ. ಇಲ್ಲಿ ಎಡ ಬಲ ಇಲ್ಲ, ಎರಡನೆಯವನು ಯಾರು ಎಂಬುದಷ್ಟೇ. ನಾನು ತುಳಿದೆ, ರಮಾಕಾಂತನೂ ತುಳಿದ. ಅವನ ಹ್ಯಾಂಡಲ್ ನನ್ನ ಮೊಣಕೈಗೆ ತಾಗಿತು. ಇಬ್ಬರೂ ಒಟ್ಟಿಗೆ, ಸೈಕಲ್ ಸಮೇತ, ಕಾಲುವೆಯಲ್ಲಿ ಬಿದ್ದೆವು. ನೀರು ಮೊಣಕಾಲಷ್ಟೇ. ರಮಾಕಾಂತ ಗಿರಿಯಪ್ಪನನ್ನು ಕೂಗಿದ, ನಾನೂ ಕೂಗಿದೆ. ಕಾಲುವೆ ಅವನ ಬಲಕ್ಕಿತ್ತು. ಅವನು ಏನೂ ಕೇಳಿಸದೆ, ಹಿಂದೆ ಇಬ್ಬರು ಗೆಳೆಯರು ಬರುತ್ತಿದ್ದಾರೆಂಬ ಧೈರ್ಯದಲ್ಲಿ, ಯಾವುದೋ ಪದ ಗುನುಗುತ್ತ ಹೋಗಿಯೇಬಿಟ್ಟ.

ನೀರಿನಲ್ಲಿ ನಿಂತು ರಮಾಕಾಂತ ಕೇಳಿದ, "ಮಾಸ್ತರ, ನಿಮಗೇನ ಅವಸರ ಇತ್ತು?"

"ನಿನಗೇನಿತ್ತು?"

ಅವನು ಬಗ್ಗಿ ಪ್ಯಾಂಟು ಹಿಂಡಿಕೊಳ್ಳತೊಡಗಿದ.

ಸ್ವಲ್ಪ ಹೊತ್ತಿಗೆ ಗಿರಿಯಪ್ಪ ತಿರುಗಿ ಬಂದ. ದಂಡೆಯ ಮೇಲೆ ಸೈಕಲ್ ನಿಲ್ಲಿಸಿ, ಇಬ್ಬರನ್ನೂ ನೋಡಿ, "ಎಮ್ಮಿ ಮೈ ತೊಳಿಯಾಕತ್ತೀರೇನ?" ಎಂದ. ಬಗ್ಗಿ ನನ್ನ ಕಡೆ ಕೈ ಚಾಚಿ, "ಬರ್ರಿ ಮಾಸ್ತರ, ಕೈ ಹಿಡೀರಿ," ಎಂದು ಎಳೆದುಕೊಂಡ. ರಮಾಕಾಂತನಿಗೆ, "ಏಳಲೇ ಮಂಗ್ಯಾ, ಏನ ನೋಡ್ತಿ," ಎಂದ. ಅವನು ತಾನೇ ಕೆಸರಿನಲ್ಲಿ ಜಾರುತ್ತ ಹತ್ತಿ ಬಂದ. ಮೈಯೆಲ್ಲ ತೊಯ್ದು ತಪ್ಪಡಿಯಾಗಿ ನಿಂತಾಗಲೂ ನನ್ನ ತಲೆಯಲ್ಲಿದ್ದದ್ದು ಒಂದೇ. ಇಷ್ಟು ವರ್ಷ ಜೊತೆಗಿದ್ದ ನನ್ನನ್ನು ಅವನು ಇದುವರೆಗೆ ಒಮ್ಮೆಯೂ ಮಂಗ್ಯಾ ಅಂದಿಲ್ಲ.

ಅರವತ್ತಾರರಲ್ಲಿ ಮಳೆ ಹೋಗಿ, ರೇಶನ್ನಿನಲ್ಲಿ ಅಮೇರಿಕದ ಕೆಂಪು ಜೋಳ ಬರತೊಡಗಿತು. ಗಿರಣಿಯ ಮುಂದೆ ದಿನವೆಲ್ಲ ಅದೇ ಡಬ್ಬಿಗಳ ಸಾಲು. ಬೀಸುವಾಗ ಏಳುವ ಧೂಳು ಕೆಟ್ಟದ್ದು, ಎಂದಿನ ಹಿಟ್ಟಿನ ಹಾಗಲ್ಲ. ಗಿರಿಯಪ್ಪ ಮೂಗಿಗೆ ವಸ್ತ್ರ ಕಟ್ಟಿಕೊಂಡ, ಆದರೂ ಕೆಮ್ಮು ಹತ್ತಿತು. ಹಳೆಯ ರೋಗ ಒಳಗೆ ಇದ್ದೇ ಇತ್ತು, ಇದು ಅದನ್ನು ಎಬ್ಬಿಸಿತು ಎಂದರು ಡಾಕ್ಟರು. ಗಿರಣಿಯೊಳಗೆ ಹೋಗಬೇಡ, ಸೈಕಲ್ ಹೊಡೆಯಬೇಡ ಎಂದರು. ಅವನು ಎರಡೂ ಬಿಡಲಿಲ್ಲ. ಸೈಕಲ್ಲಿನ ವೇಗ ಮಾತ್ರ ಕಡಿಮೆಯಾಯಿತು.

ಆಗೊಂದು ರವಿವಾರ ಮುಗದದ ದಾರಿಯ ಬಾಯಿಗೆ ನಿಂತು, "ನೀವಿಬ್ಬರೂ ಮುಂದ ನಡೀರಿ. ನಾ ಹಿಂದ ಬರ್ತೇನಿ. ಮಾತಾಡಕೋಂತ ತುಳದರ ಉಸರ ಸಾಲವಲ್ಲದು," ಎಂದ. ನೀವಿಬ್ಬರೂ ಎಂದದ್ದರಲ್ಲಿ ರಮಾಕಾಂತನೂ ನನ್ನ 'ರಿ' ಸಾಲಿಗೆ ಬಂದ ಎಂದು ನನಗೆ ಆ ಹೊತ್ತಿನಲ್ಲೂ ಒಂದು ಕ್ಷಣ ಹಿತವಾಯಿತು. ರಮಾಕಾಂತ ಗಿರಿಯಪ್ಪನ ಬಲ ಜಾಡಿಗೆ ಇಳಿಯಲಿಲ್ಲ, ನಾನೂ ಇಳಿಯಲಿಲ್ಲ. ಸ್ವಲ್ಪ ಹೊತ್ತು ನಿಂತು, ಕಡೆಗೆ ಅವನು ನಡುವಿನ ದಿಬ್ಬದ ಹುಲ್ಲಿನ ಮೇಲೆ, ನಾನು ಎಡ ಜಾಡಿನಲ್ಲಿ ಹೊರಟೆವು. ಎಷ್ಟೋ ವರ್ಷದ ಮೇಲೆ ನನ್ನ ಜಾಡು ನನಗೆ ಸಿಕ್ಕಿತ್ತು, ಬಲಕ್ಕೆ ಮಾತ್ರ ಗಿರಿಯಪ್ಪನಿರಲಿಲ್ಲ.

ಹಿಂದಿನಿಂದ ಅವನ ಉಸಿರು ಕೇಳಿಸುತ್ತಿತ್ತು. ಎದೆಯಲ್ಲಿ ಒಣ ಎಲೆ ಆಡಿದಂತೆ ಸದ್ದು. ಅದು ದೂರವಾಗಬಾರದೆಂದು ನಾನು ತುಳಿಯುವುದನ್ನು ಕಡಿಮೆ ಮಾಡಿದೆ. ರಮಾಕಾಂತ ನನಗಿಂತ ಕಡಿಮೆ ಮಾಡಿದ, ನನಗಿಂತ ಒಂದು ಮೊಳ ಹಿಂದಾದ, ಅಂದರೆ ಗಿರಿಯಪ್ಪನಿಗೆ ಒಂದು ಮೊಳ ಹತ್ತಿರವಾದ. ನಾನು ಬ್ರೇಕು ಹಿಡಿದೆ. ಅವನೂ ಹಿಡಿದ. ಇಬ್ಬರೂ ಹ್ಯಾಂಡಲ್ ಅತ್ತಿತ್ತ ತಿರುವುತ್ತ, ಬೀಳದ ಹಾಗೆ, ಮುಂದೆಯೂ ಹೋಗದ ಹಾಗೆ ಒದ್ದಾಡಿದೆವು.

"ಏನ್ರಿ," ಎಂದ ಗಿರಿಯಪ್ಪ ಹಿಂದಿನಿಂದ, ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತ, "ಸಾಲಿ ಗ್ಯಾದರಿಂಗಿನ್ಯಾಗ... ಸ್ಲೋ ಸೈಕಲ್ ಬಿಟ್ಟಂಗ ನಡದೀರಲ್ಲ. ಬಹುಮಾನ ಏನೈತಿ?"

ಬಹುಮಾನ ಏನೆಂದು ಇಬ್ಬರಿಗೂ ಗೊತ್ತಿತ್ತು. ನಗಲು ಹೋಗಿ ಅವನಿಗೆ ಕೆಮ್ಮು ಬಂತು. ಕಾಲು ನೆಲಕ್ಕೆ ಕೊಟ್ಟು ನಿಂತ. ನಾನು ಸೈಕಲ್ ಬಿಸಾಕಿ ಓಡಿದೆ, ರಮಾಕಾಂತ ಬಿಸಾಕಿ ಓಡಿದ. ಗಿರಿಯಪ್ಪನ ಎಡಗೈ ನನಗೆ ಸಿಕ್ಕಿತು, ಬಲಗೈ ರಮಾಕಾಂತನಿಗೆ. ಸೈಕಲ್ಲುಗಳನ್ನು ದಾರಿಯ ಬದಿಯ ಹಳ್ಳಿಯಲ್ಲಿ ಬಿಟ್ಟು, ಬಸ್ಸಿಗೆ ಧಾರವಾಡಕ್ಕೆ ಕರೆದುಕೊಂಡು ಬಂದೆವು. ಅದು ಅವನ ಕೊನೆಯ ಸವಾರಿ.

ಅದರ ನಂತರ ಗಿರಣಿಯ ಹಿಂದಿನ ಖೋಲಿಯಲ್ಲಿ ಹಾಸಿಗೆ ಹಿಡಿದ. ರತ್ನವ್ವ ಮುಂದೆ ಬೀಸುತ್ತಿದ್ದಳು. ಸದ್ದು ನಿಂತರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ನಾನು ದಿನಾಲು ಕಾಲೇಜು ಮುಗಿಸಿಕೊಂಡು ಹೋಗಿ, ಅವನ ಎಡಕ್ಕೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಗಿರಣಿಯ ಸದ್ದಿನಲ್ಲಿ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಆ ಸ್ಥಿತಿಯಲ್ಲಿ ಎಂಥ ಮಾತಾಡಲಾಗುತ್ತದೆ? ಅಂಗಡಿ, ಹವಾ, ಔಷಧ. ಒಂದು ದಿನ ಮಾತ್ರ ತಡೆಯದೆ ಕೂಗಿದೆ.

"ರಮಾಕಾಂತಗ ಲೇ ಅಂತಿ. ನನಗ ಯಾಕ ರಿ?"

ಅವನು ತಲೆ ನನ್ನ ಕಡೆ ಹೊರಳಿಸಿದ. "ನೀವು ಮಾಸ್ತರ ಅಲ್ಲೇನ್ರಿ."

"ಆದರೇನಾತು? ಒಮ್ಮೆ ನೀ ಅಂದು ನೋಡು."

ಅವನು ತುಟಿ ಒದ್ದೆ ಮಾಡಿಕೊಂಡ. ಪಾಠ ಒಪ್ಪಿಸುವವನ ಹಾಗೆ ಕತ್ತು ಸ್ವಲ್ಪ ಎತ್ತಿ, "ನೀ... ಚಾ ಕುಡೀರಿ," ಎಂದ.

ಬಾಗಿಲಲ್ಲಿ ನಿಂತಿದ್ದ ರತ್ನವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಇನ್ನೊಮ್ಮೆ ಪ್ರಯತ್ನ ಮಾಡಿದ. "ನೀ ದಿನಾ ಯಾಕ ಬರ್ತೀರಿ." ತನಗೇ ನಗು ಬಂದು, "ನಾಲಿಗಿ ಹೊಳ್ಳವಲ್ಲದು, ಬಿಡ್ರಿ," ಎಂದ. ನಾನು ನಕ್ಕೆ, ರತ್ನವ್ವ ನಕ್ಕಳು, ಅವನು ಕೆಮ್ಮುತ್ತ ನಕ್ಕ. ಗಿರಣಿ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಆ 'ನೀ'ಗೂ 'ರಿ'ಗೂ ನಡುವೆ ಸಿಕ್ಕ ಮಾತು ಈ ಲೋಕದಲ್ಲಿ ನನ್ನೊಬ್ಬನಿಗೇ ಸಿಕ್ಕದ್ದು. ಇದನ್ನು ರಮಾಕಾಂತನಿಗೆ ನಾನು ಹೇಳಿಲ್ಲ. ಇಲ್ಲಿ ಓದಿ ತಿಳಿದರೆ ತಿಳಿಯಲಿ, ಸ್ವಲ್ಪ ಉರಿಯಲಿ.

ರಮಾಕಾಂತನ ಹತ್ತಿರವೂ ನನಗೆ ಸಿಗದ ಒಂದು ವಸ್ತು ಇದೆ. ಗಿರಿಯಪ್ಪ ಹೋಗುವ ಹಿಂದಿನ ದಿನ ಮಧ್ಯಾಹ್ನ ಊರಿನಲ್ಲೆಲ್ಲ ಕರೆಂಟ್ ಹೋಗಿತ್ತು. ನಾನು ತರಗತಿಯಲ್ಲಿದ್ದೆ. ರಮಾಕಾಂತ ಬ್ಯಾಂಕಿಗೆ ರಜೆ ಹಾಕಿ ಬಂದಿದ್ದ. ಗಿರಣಿ ನಿಂತಿತ್ತು. ಎರಡು ವರ್ಷದಲ್ಲಿ ಹಗಲು ಹೊತ್ತು ಆ ಖೋಲಿಯಲ್ಲಿ ಅಂಥ ಶಾಂತಿ ಇದ್ದದ್ದು ಅದೊಂದು ಮಧ್ಯಾಹ್ನ. ಅವರಿಬ್ಬರೂ ಮೆಲ್ಲಗೆ, ಮನುಷ್ಯರು ಮಾತಾಡುವ ಹಾಗೆ, ಮಾತಾಡಿದರಂತೆ. ನಾನು ಬಾಗಿಲು ದಾಟುವಾಗಲೇ ಕರೆಂಟ್ ಬಂತು, ಪಟ್ಟಾ ತಿರುಗಿತು.

ಮಣ್ಣು ಕೊಟ್ಟು ಬಂದ ಮೇಲೆ, ಕಟ್ಟೆಯ ಮೇಲೆ ಕೂತಾಗ, ನಾನು ರಮಾಕಾಂತನನ್ನು ಕೇಳಿದೆ. "ಅವತ್ತು ಏನ ಅಂದಾ?"

"ಏನಿಲ್ಲರಿ ಮಾಸ್ತರ. ಹಂಗ ಮಾತಾಡಿದ್ವಿ."

"ಏನಾದ್ರೂ ಅಂದಿರಬೇಕಲ್ಲ."

"ಅಂದಾ," ಎಂದ ರಮಾಕಾಂತ. ಕಟ್ಟೆಯ ಕಲ್ಲಿನ ಮೇಲಿನ ಹಿಟ್ಟನ್ನು ಬೆರಳಿನಿಂದ ಒರೆಸುತ್ತ ಕೂತ. ಅವನು ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. ಅವನ ಜಾಗದಲ್ಲಿದ್ದರೆ ನಾನೂ ಹೇಳುತ್ತಿರಲಿಲ್ಲ.

ನಾವಿಬ್ಬರೂ ಕೂಡಿ ಸೈಕಲ್ ಹೊಡೆಯುವುದಿಲ್ಲ. ಒಮ್ಮೆ ರತ್ನವ್ವ ಅಂದಳು, "ರವಿವಾರ ಇಬ್ಬರೂ ಕೂಡಿ ಹೋಗಿ ಬರ್ರಿ, ಅವರಿಗೆ ಸಮಾಧಾನ ಆಕ್ಕೈತಿ." ಹ್ಞೂಂ ಎಂದೆವು. ಹೋಗಲಿಲ್ಲ.

ಮೊನ್ನೆ ಮೊದಲ ಮಳೆ ಬಿದ್ದು ನಿಂತ ರವಿವಾರ ನಾನೊಬ್ಬನೇ ಮುಗದದ ದಾರಿಗೆ ಹೋದೆ. ಧೂಳು ಕೂತು, ಜಾಡಿನ ಮಣ್ಣು ಹದವಾಗಿತ್ತು. ದಾರಿಯ ಬಾಯಿಗೆ ಇಳಿದು ನೋಡಿದರೆ ಒಂದು ಸೈಕಲ್ಲಿನ ಗುರುತು ಆಗಲೇ ಬಿದ್ದಿತ್ತು. ಉದ್ದುದ್ದ ಗೆರೆಯ ಇಂಗ್ಲಂಡದ ಟಾಯರು, ರಮಾಕಾಂತನದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಹೋದ ಗುರುತೂ ಇತ್ತು, ತಿರುಗಿ ಬಂದ ಗುರುತೂ ಇತ್ತು. ಎರಡೂ ಬಲ ಜಾಡಿನಲ್ಲಿ.

ಎಡ ಜಾಡಿನಲ್ಲಿ ಹೋಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅದನ್ನು ಅವನು ಕಿತ್ತುಕೊಂಡು ಎಷ್ಟೋ ವರ್ಷವಾಯಿತು. ಆದರೆ ಬಲ ಜಾಡು ಗಿರಿಯಪ್ಪನದು. ನಮ್ಮಿಬ್ಬರಲ್ಲಿ ಯಾರೂ ಅಲ್ಲಿಗೆ ಎಂದೂ ಇಳಿದವರಲ್ಲ. ಅಲ್ಲಿ ಹೋಗು ಎಂದು ಇವನಿಗೆ ಯಾರು ಹೇಳಿದರು? ಅವತ್ತು ಮಧ್ಯಾಹ್ನ, ಕರೆಂಟ್ ಇಲ್ಲದಾಗ, ಗಿರಿಯಪ್ಪನೇ ಹೇಳಿರಬಹುದೇ? ಈ ಯೋಚನೆ ಬಂದದ್ದೇ ಸೈಕಲ್ಲನ್ನು ಎತ್ತಿ ಬಲ ಜಾಡಿಗೆ ಇಳಿಸಿದೆ. ಅವನ ಗೆರೆಗಳ ಮೇಲೆ ನನ್ನ ಗಾಲಿ ಇಟ್ಟು ತುಳಿದೆ. ಎಲ್ಲಿ ಗುರುತು ಪಕ್ಕಕ್ಕೆ ಸರಿದಿತ್ತೋ ಅಲ್ಲಿ ನಾನೂ ಸರಿದೆ. ಕಾಡಿನಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೆ ಕುಡಿದವನೆಂದು ತಿಳಿಯುತ್ತಿದ್ದರು.

ಅರ್ಧ ದಾರಿಗೆ ಹೋದ ಮೇಲೆ ದಣಿವಾಗಿ ಎಡಕ್ಕೆ ನೋಡಿದೆ. ಆ ಕಡೆಯಿಂದ ನಾನು ನನ್ನ ಜಾಡನ್ನು ಎಂದೂ ನೋಡಿರಲಿಲ್ಲ. ಮಳೆ ತೊಳೆದ ನುಣ್ಣನೆಯ ಮಣ್ಣು, ಒಂದು ಇರುವೆ ಹೋದ ಗುರುತೂ ಇಲ್ಲದೆ, ಮುಂದೆ ಮರಗಳ ನಡುವೆ ಹೊರಳಿ ಹೋಗಿತ್ತು. ಗಿರಿಯಪ್ಪ ತಲೆ ಎಡಕ್ಕೆ ವಾಲಿಸಿದಾಗ ಅವನಿಗೆ ಕಾಣುತ್ತಿದ್ದದ್ದು ಇದೇ ಜಾಗ, ಇದರ ಮೇಲೆ ಒಬ್ಬ ಮನುಷ್ಯ. ಒಮ್ಮೆ ನಾನು, ಒಮ್ಮೆ ರಮಾಕಾಂತ. ನನ್ನ ಕಣ್ಣು ತುಂಬಿ ಬಂದು ಗೆರೆ ಕಾಣದಂತಾಯಿತು. ಒರೆಸಿಕೊಂಡು ಮತ್ತೆ ತುಳಿದೆ. ಕೆರೆಯ ಏರಿ ಬರುವವರೆಗೆ ರಮಾಕಾಂತನ ಒಂದು ಗೆರೆಯನ್ನೂ ಬಿಡಲಿಲ್ಲ. ಬರುವ ರವಿವಾರ ನಾನು ಅವನಿಗಿಂತ ಮೊದಲು ಹೊರಡುತ್ತೇನೆ.